ಲೋಟನ ಹೆಂಡತಿ ಹಿಂತಿರುಗಿ ನೋಡಿದ್ದನ್ನು ಆಧುನಿಕ ಕವಿಗಳು ಹೇಗೆ ಕಂಡಿದ್ದಾರೆ?

ಬೈಬಲ್ಲಿನ ಆದಿಕಾಂಡದ 19ನೆಯ ಅಧ್ಯಾಯದಲ್ಲಿ ದೇವರು ಸೊದೋಮ್ ಎಂಬ ಪಾಪದ ಊರನ್ನು ಬೆಂಕಿಯಿಂದ ನಾಶಮಾಡುವಾಗ, ಅಲ್ಲಿದ್ದ ಲೋಟನ ಕುಟುಂಬಕ್ಕೆ ಹಿಂತಿರುಗಿ ನೋಡದೆ ಓಡಿಹೋಗಲು ದೇವದೂತರು ಹೇಳುತ್ತಾರೆ. ಅವನ ಹೆಂಡತಿಯ ನೋಟಕ್ಕೆ ಅಲ್ಲಿ ಸಿಕ್ಕಿರುವುದು ಒಂದೇ ಒಂದು ವಾಕ್ಯ: ಉರಿಯುತ್ತಿದ್ದ ಸೊದೋಮಿನ ಕಡೆಗೆ, ದೇವದೂತರ ಆಜ್ಞೆಯನ್ನು ಮೀರಿ ತಿರುಗಿ ನೋಡಿದಳು, ಉಪ್ಪಿನ ಕಂಬವಾದಳು. ಹೆಸರಿಲ್ಲ, ಮಾತಿಲ್ಲ, ಕಾರಣವಂತೂ ಇಲ್ಲವೇ ಇಲ್ಲ. ಕವಿಗಳು ಕೈಯಿಟ್ಟಿರುವುದು ಈ ಖಾಲಿ ಜಾಗದಲ್ಲಿಯೇ.

ರಷ್ಯದ ಅನ್ನಾ ಅಖ್ಮತೋವಾ 1920ರ ದಶಕದಲ್ಲಿ ಬರೆದ ಕವಿತೆಯಲ್ಲಿ ಅವಳು ತಿರುಗುವುದು ತಾನು ಹಾಡಿದ್ದ ಚೌಕ, ನೂಲು ತೆಗೆದಿದ್ದ ಅಂಗಳ, ಮಕ್ಕಳನ್ನು ಹೆತ್ತ ಮನೆಯ ಬರಿದಾದ ಕಿಟಕಿಗಳ ಕಡೆಗೆ. ಕ್ರಾಂತಿಯ ನಂತರವೂ ದೇಶ ಬಿಡದೆ ಉಳಿದಿದ್ದ ಕವಯಿತ್ರಿಯ ಸಾಲುಗಳೆಂದು ನೆನೆದಾಗ ಆ ನೋಟ ಪಾಪವಾಗಿ ಅಲ್ಲ, ನಿಷ್ಠೆಯಾಗಿ ತೋರುತ್ತದೆ.

ಪೋಲೆಂಡಿನ ವಿಸ್ವಾವಾ ಶಿಂಬೋರ್ಸ್ಕಾ (ನೊಬೆಲ್, 1996) 1976ರ ಸಂಕಲನದಲ್ಲಿ ಅವಳ ಬಾಯಿಗೇ ಮಾತು ಕೊಡುತ್ತಾರೆ. ಕುತೂಹಲದಿಂದ ತಿರುಗಿದೆನೆಂದು ಜನ ಹೇಳುತ್ತಾರೆ, ಆದರೆ ಬೇರೆ ಕಾರಣಗಳೂ ಇದ್ದಿರಬಹುದು ಎಂದು ಆರಂಭಿಸುವ ಅವಳು ಬೆಳ್ಳಿಯ ಬಟ್ಟಲಿನ ಚಿಂತೆ, ಚಪ್ಪಲಿಯ ಪಟ್ಟಿ ಕಟ್ಟುವಾಗಿನ ಅಜಾಗರೂಕತೆ, ಗಂಡನ ಧರ್ಮಿಷ್ಠ ಕತ್ತನ್ನೇ ನೋಡುತ್ತಾ ನಡೆಯುವ ಬೇಸರ, ತಾನು ಸತ್ತರೂ ಅವನು ನಿಲ್ಲಲಾರನೆಂಬ ಹಠಾತ್ ಅರಿವು ಇವನ್ನೆಲ್ಲ ಒಂದರ ಹಿಂದೊಂದು ಪೋಣಿಸುತ್ತಾಳೆ. ಕಾರಣಗಳು ಒಂದನ್ನೊಂದು ಅಲ್ಲಗಳೆಯುತ್ತವೆ. ಕೊನೆಗೆ ಅವಳು ಬೇಕೆಂದೇ ತಿರುಗಿದಳೋ, ಜಾರಿ ಬೀಳುವಾಗ ಮುಖ ಊರಿನತ್ತ ಹೊರಳಿತೋ ತೀರ್ಮಾನವಾಗುವುದಿಲ್ಲ. ನನ್ನ ಮಟ್ಟಿಗೆ ಇದೇ ಹೆಚ್ಚು ದಿಟ್ಟವಾದ ಕವಿತೆ: ಅಖ್ಮತೋವಾ ಅವಳನ್ನು ಕ್ಷಮಿಸುತ್ತಾರೆ, ಶಿಂಬೋರ್ಸ್ಕಾ ವಿಚಾರಣೆಯನ್ನೇ ನಡೆಯಗೊಡುವುದಿಲ್ಲ.