ಎಚ್ಚರಿಕೆಯ ಪತ್ರ ರವಾನೆಯಾದರೆ ಹೊಣೆ ಮುಗಿಯಿತೇ?

ಪ್ರತಿ ಭಯೋತ್ಪಾದಕ ದಾಳಿಯ ಮರುದಿನ ‘ಗುಪ್ತಚರ ವೈಫಲ್ಯ’ ಎಂಬ ಮಾತು ಕೇಳಿಬರುತ್ತದೆ. ದಾಳಿಯನ್ನು ತಡೆಯುವುದು ನಿಜಕ್ಕೂ ಗುಪ್ತಚರ ಸಂಸ್ಥೆಗಳ ಹೊಣೆಯೇ, ಅಥವಾ ಮುನ್ಸೂಚನೆ ಕೊಟ್ಟಲ್ಲಿಗೆ ಅವರ ಕೆಲಸ ಮುಗಿಯುತ್ತದೆಯೇ ಎಂದು ನೀವು ಕೇಳಿದ್ದೀರಿ. ನಾನು ಪೊಲೀಸನೂ ಅಲ್ಲ, ಗುಪ್ತಚರನೂ ಅಲ್ಲ. ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಬಹಳ ವರ್ಷ ಕೂತವನು. ಆ ಅನುಭವಕ್ಕೂ ಈ ಪ್ರಶ್ನೆಗೂ ಸಂಬಂಧವಿದೆ ಎಂಬುದು 2008ರ ನವೆಂಬರ್ 26ರ ಮುಂಬೈ ದಾಳಿಯ ಬಗ್ಗೆ ಓದುತ್ತಾ ಹೋದಂತೆ ನನಗೆ ಮನವರಿಕೆಯಾಯಿತು.

ಮೊದಲು ಅಧಿಕಾರದ ಮಾತು. ದೇಶದೊಳಗಿನ ಮಾಹಿತಿ ಕಲೆಹಾಕುವ ಐಬಿಗೆ ಯಾರನ್ನೂ ಬಂಧಿಸುವ ಅಧಿಕಾರವಿಲ್ಲ; ‘ರಾ’ದ ಕೆಲಸ ವಿದೇಶಕ್ಕೆ ಸಂಬಂಧಿಸಿದ್ದು; ಪೊಲೀಸ್ ವ್ಯವಸ್ಥೆ ಸಂವಿಧಾನದ ರಾಜ್ಯಪಟ್ಟಿಗೆ ಸೇರಿದ್ದು, ಅಂದರೆ ರಾಜ್ಯ ಸರ್ಕಾರಗಳ ಕೈಯಲ್ಲಿರುವುದು. ಸುಳಿವು ಹಿಡಿಯುವವರೇ ಒಬ್ಬರು, ಬಾಗಿಲಲ್ಲಿ ನಿಂತು ತಡೆಯಬೇಕಾದವರೇ ಇನ್ನೊಬ್ಬರು. ಆದ್ದರಿಂದ ‘ತಡೆಯಲಿಲ್ಲ’ ಎಂಬ ಒಂದೇ ಕಾರಣಕ್ಕೆ ಗುಪ್ತಚರರನ್ನು ದೂರುವುದು ಸರಿಯಲ್ಲ. ಆದರೆ ‘ನಾವು ತಿಳಿಸಿದ್ದೆವು’ ಎಂದು ಅವರು ಕೈತೊಳೆದುಕೊಳ್ಳುವುದನ್ನೂ ನಾನು ಒಪ್ಪಲಾರೆ.

ಮುಂಬೈಗೆ ಸಮುದ್ರದಿಂದ ಅಪಾಯ ಬರಬಹುದೆಂಬುದು ಹೊಸ ಸಂಗತಿಯಾಗಿರಲಿಲ್ಲ. 257 ಜನರನ್ನು ಬಲಿ ತೆಗೆದುಕೊಂಡ 1993ರ ಸರಣಿ ಸ್ಫೋಟಕ್ಕೆ ಬಳಸಿದ ಆರ್‌ಡಿಎಕ್ಸ್ ಬಂದಿಳಿದದ್ದೂ ರಾಯಗಡ ಜಿಲ್ಲೆಯ ಶೇಖಾಡಿ ಕಡಲತೀರದಲ್ಲಿಯೇ. 2008ರ ದಾಳಿಯನ್ನು ಪರಿಶೀಲಿಸಲು ಮಹಾರಾಷ್ಟ್ರ ಸರ್ಕಾರ ನೇಮಿಸಿದ ರಾಮ್ ಪ್ರಧಾನ್ ಸಮಿತಿಯು, 2006ರ ಆಗಸ್ಟ್‌ನಿಂದ ಒಟ್ಟು 26 ಮುನ್ಸೂಚನೆಗಳು ಬಂದಿದ್ದವೆಂದೂ, ಅವುಗಳಲ್ಲಿ 6 ಸಮುದ್ರಮಾರ್ಗದ ದಾಳಿಯ ಬಗ್ಗೆ, 11 ಏಕಕಾಲಕ್ಕೆ ಹಲವೆಡೆ ನಡೆಯಬಹುದಾದ ದಾಳಿಯ ಬಗ್ಗೆ ಇದ್ದವೆಂದೂ ದಾಖಲಿಸಿತು. ಅಷ್ಟನ್ನೂ ಒಂದೇ ಮೇಜಿನ ಮೇಲೆ ಹರಡಿಟ್ಟು ನೋಡಿದ್ದರೆ ನಡೆಯಲಿರುವುದರ ಚಿತ್ರ ಬಹುಮಟ್ಟಿಗೆ ಸಿಗುತ್ತಿತ್ತು. ಆದರೆ ಅವು ಬಂದದ್ದು ಒಟ್ಟಾಗಿಯಲ್ಲ, ಇಪ್ಪತ್ತೇಳು ತಿಂಗಳಲ್ಲಿ ಸರಿಸುಮಾರು ತಿಂಗಳಿಗೊಂದರಂತೆ.

ಇಲ್ಲಿಯೇ ನನಗೆ ನಮ್ಮ ಟಪಾಲು ವಿಭಾಗ ನೆನಪಾಗುವುದು. ಪತ್ರ ಬರುತ್ತದೆ, ಆವಕ ವಹಿಯಲ್ಲಿ ಅದಕ್ಕೊಂದು ಸಂಖ್ಯೆ ಬೀಳುತ್ತದೆ, ‘ಸೂಕ್ತ ಕ್ರಮಕ್ಕಾಗಿ’ ಎಂಬ ಮೊಹರು ಬೀಳುತ್ತದೆ, ಪತ್ರ ಮುಂದಿನ ಮೇಜಿಗೆ ಹೋಗುತ್ತದೆ. ಯಾವುದು ಸೂಕ್ತ, ಯಾರ ಕ್ರಮ, ಎಷ್ಟು ದಿನದೊಳಗೆ ಎಂಬುದು ಆ ಮೊಹರಿನಲ್ಲಿ ಇರುವುದಿಲ್ಲ. ಮುಂದೆಂದಾದರೂ ವಿಚಾರಣೆ ನಡೆದರೆ ಕಳಿಸಿದವನು ಜಾವಕ ವಹಿ ತೋರಿಸಿ ಪಾರಾಗುತ್ತಾನೆ, ತೆಗೆದುಕೊಂಡವನು ‘ನಿರ್ದಿಷ್ಟ ವಿವರಗಳಿರಲಿಲ್ಲ’ ಎಂದು ಪಾರಾಗುತ್ತಾನೆ. ತಿಂಗಳಿಗೊಂದರಂತೆ ಬರುವ ‘ದಾಳಿ ಸಂಭವ’ ಎಂಬ ಪತ್ರ ಎಂಟು ಹತ್ತು ಬಾರಿ ಸುಳ್ಳಾದ ಮೇಲೆ ಎಂಥ ಚುರುಕು ಅಧಿಕಾರಿಗೂ ಮಾಮೂಲಿ ಕಾಗದವಾಗಿಬಿಡುತ್ತದೆ ಎಂಬುದನ್ನು ನಾನು ಯಾರಿಂದಲೂ ಕೇಳಿ ತಿಳಿಯಬೇಕಾಗಿಲ್ಲ.

ಆ ನವೆಂಬರ್‌ನ ಮೂರನೇ ವಾರದಲ್ಲಿ ಆದದ್ದೂ ಇದೇ. ಪಾಕಿಸ್ತಾನದ ಉಗ್ರ ಸಂಘಟನೆ ಲಷ್ಕರ್-ಎ-ತೊಯ್ಬಾಗೆ ಸೇರಿದ್ದೆಂದು ಶಂಕಿಸಲಾದ ಹಡಗೊಂದರ ಬಗ್ಗೆ ಸುಳಿವು ಸಿಕ್ಕಿ, ಅದು ನೌಕಾಪಡೆಗೂ ಕರಾವಳಿ ಕಾವಲು ಪಡೆಗೂ ತಲುಪಿತ್ತು. ದಾಳಿಯ ನಂತರ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಸುರೀಶ್ ಮೆಹ್ತಾ, ಕಾರ್ಯಾಚರಣೆ ನಡೆಸಬಹುದಾದಂಥ ಮಾಹಿತಿ ತಮಗೆ ಬಂದಿರಲಿಲ್ಲವೆಂದು ಬಹಿರಂಗವಾಗಿಯೇ ಹೇಳಿದರು. ಅವರ ಮಾತಿನಲ್ಲೂ ಹುರುಳಿದೆ, ಏಕೆಂದರೆ ಕರಾಚಿಯಿಂದ ಹೊರಟ ಹತ್ತು ಮಂದಿ ಹಂತಕರು ನಡುಗಡಲಿನಲ್ಲಿ ‘ಕುಬೇರ್’ ಎಂಬ ಗುಜರಾತಿನ ಮೀನುಗಾರಿಕೆ ದೋಣಿಯನ್ನು ವಶಪಡಿಸಿಕೊಂಡು, ಭಾರತದ್ದೇ ದೋಣಿಯಲ್ಲಿ ಬಂದರು. ಹುಡುಕಬೇಕಾದದ್ದು ಆ ಹೊತ್ತಿಗೆ ಸುಳಿವಿನಲ್ಲಿದ್ದ ಹಡಗಾಗಿ ಉಳಿದಿರಲೇ ಇಲ್ಲ. ಆದರೆ ಸುಳಿವು ಕೊಟ್ಟವರು ಸ್ವೀಕರಿಸಿದವರಿಗೆ ಮರುದಿನ ಕರೆ ಮಾಡಿ ‘ಏನಾಯಿತು, ಇನ್ನೇನು ಬೇಕು’ ಎಂದು ಕೇಳುವುದು ಹೊಣೆಯ ಭಾಗವೋ ಅಲ್ಲವೋ? ಹೌದು ಎಂಬುದೇ ನನ್ನ ಉತ್ತರ. ಕ್ರಮ ಕೈಗೊಳ್ಳಬಲ್ಲ ವ್ಯಕ್ತಿಗೆ ಅರ್ಥವಾಗುವ ರೂಪದಲ್ಲಿ ಮಾಹಿತಿ ತಲುಪಿತೆಂದು ಖಾತ್ರಿಯಾಗುವವರೆಗೂ ಗುಪ್ತಚರರ ಕೆಲಸ ಮುಗಿಯುವುದಿಲ್ಲ.

ಎಚ್ಚರಿಕೆಗೆ ಆಯುಷ್ಯವೂ ಇರುತ್ತದೆ. ತಾಜ್ ಹೋಟೆಲಿಗೆ ಬೆದರಿಕೆಯಿದೆಯೆಂದು ಭದ್ರತೆ ಹೆಚ್ಚಿಸಿ, ದಾಳಿಗೆ ಸ್ವಲ್ಪ ಮುನ್ನ ಅದನ್ನು ಸಡಿಲಿಸಲಾಗಿತ್ತು.

ಇನ್ನು ಉತ್ತರದಾಯಿತ್ವ. ತಾಜ್‌ನಲ್ಲಿ ಹೋರಾಡುತ್ತ ಮಡಿದ ನಮ್ಮ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಸೇರಿದಂತೆ 166 ಮಂದಿ ಸತ್ತ ಮೇಲೆ ಕೇಂದ್ರ ಗೃಹ ಸಚಿವ ಶಿವರಾಜ್ ಪಾಟೀಲರು ರಾಜೀನಾಮೆ ಕೊಟ್ಟರು. ಪ್ರಧಾನ್ ಸಮಿತಿಯ ವ್ಯಾಪ್ತಿ ಮುಂಬೈ ಪೊಲೀಸರಿಗೆ ಸೀಮಿತವಾಗಿತ್ತು. ಕೇಂದ್ರದ ಗುಪ್ತಚರ ಸಂಸ್ಥೆಗಳ ಕಡತ ತೆರೆದು ನೋಡುವ ಆಯೋಗ ರಚನೆಯಾಗಲೇ ಇಲ್ಲ. 2005ರ ಲಂಡನ್ ಸ್ಫೋಟದ ರೂವಾರಿ ಅದಕ್ಕೂ ಮೊದಲೇ ತಮ್ಮ ಗುಪ್ತಚರರ ಕಣ್ಣಿಗೆ ಬಿದ್ದಿದ್ದನೆಂಬುದನ್ನು ಬ್ರಿಟನ್ನಿನ ಸಂಸದೀಯ ಸಮಿತಿ ತನಿಖೆ ಮಾಡಿ ಪ್ರಕಟಿಸಿದೆ. ನಮ್ಮಲ್ಲಿ 1887ರಿಂದ ನಡೆದುಬಂದಿರುವ ಐಬಿಗಾಗಲಿ, 1968ರಲ್ಲಿ ಹುಟ್ಟಿದ ‘ರಾ’ಕ್ಕಾಗಲಿ ಸಂಸತ್ತು ಅಂಗೀಕರಿಸಿದ ಪ್ರತ್ಯೇಕ ಕಾಯ್ದೆಯೇ ಇಲ್ಲ. ಹೊಣೆ ಇಂತಿಷ್ಟು ಎಂದು ಎಲ್ಲಿಯೂ ಬರೆದಿಡದಿದ್ದಾಗ ಅದರಲ್ಲಿ ಸೋತರೆಂದು ಹೇಳುವುದಾದರೂ ಯಾವ ಆಧಾರದ ಮೇಲೆ? ತಡೆದ ದಾಳಿಗಳ ಲೆಕ್ಕ ಯಾರಿಗೂ ಕಾಣುವುದಿಲ್ಲ ಎಂಬ ಅವರ ಸಮರ್ಥನೆ ನಿಜವೇ ಇರಬಹುದು. ಆ ಲೆಕ್ಕವನ್ನು ನೋಡುವ ಅಧಿಕಾರ ಸಂಸದರ ಒಂದು ಚಿಕ್ಕ ಸಮಿತಿಗಾದರೂ ಇದ್ದಿದ್ದರೆ ನಾನು ಅದನ್ನು ಸಲೀಸಾಗಿ ನಂಬುತ್ತಿದ್ದೆ. ದಾಳಿಯ ನಂತರ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಸ್ಥಾಪನೆಯಾಯಿತು, ಆದರೆ ಅದು ಮುಖ್ಯವಾಗಿ ಘಟನೆ ನಡೆದ ಮೇಲಿನ ತನಿಖೆಗೆ.

ಗುಪ್ತಚರರ ನೆರವೇ ಬೇಕಿರದ ಕೊನೆಯ ಅವಕಾಶವೊಂದು ಆ ರಾತ್ರಿಯೂ ಒದಗಿತ್ತು. ರಬ್ಬರ್ ದೋಣಿಯಲ್ಲಿ ಬಂದು ಕೊಲಾಬಾ ಕಡೆಯ ಮೀನುಗಾರರ ಕಾಲೊನಿಯ ಬಳಿ ಇಳಿದ ಅಪರಿಚಿತ ಯುವಕರನ್ನು ಅಲ್ಲಿನವರು ಯಾರೆಂದು ವಿಚಾರಿಸಿದಾಗ, ನಿಮ್ಮ ಕೆಲಸ ನೋಡಿಕೊಳ್ಳಿ ಎಂಬ ಉತ್ತರ ಬಂತು. ಅವರು ಪೊಲೀಸರಿಗೆ ತಿಳಿಸಿದರೂ ಹೆಚ್ಚಿನ ಸ್ಪಂದನೆ ಸಿಗಲಿಲ್ಲವೆಂದು ವರದಿಯಾಗಿದೆ. ಆ ದೂರು ಯಾವ ಠಾಣೆಯ ಯಾವ ವಹಿಯಲ್ಲಿ, ಯಾವ ಸಂಖ್ಯೆಯಡಿ ದಾಖಲಾಯಿತು ಎಂಬುದನ್ನು ನೋಡುವ ಆಸೆ ಹಳೆಯ ಟಪಾಲು ಗುಮಾಸ್ತನಾದ ನನಗೆ ಇಂದಿಗೂ ಇದೆ.