ಮಾಂಸ ಮುಟ್ಟದವರಿಗೂ ಯೂರಿಕ್ ಆಸಿಡ್ ಜಾಸ್ತಿ ಆಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 44 ವರ್ಷ, ಅಡಿಕೆ ತೋಟ ಇದೆ. ಮಾಂಸ, ಮದ್ಯ ಎರಡೂ ಇಲ್ಲ. ಹೋದ ತಿಂಗಳು ಒಂದು ರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡು, ಹೊದಿಕೆ ತಾಗಿದರೂ ಜೀವ ಹೋಗುವಷ್ಟು ನೋವು. ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆಸಿಡ್ 8.4 ಬಂತು. ಬೇಳೆ, ಟೊಮೆಟೊ ಬಿಟ್ಟಿದ್ದೇನೆ. ಕೆಲಸದ ನಡುವೆ ದಿನಕ್ಕೆ ಎರಡು ಬಾಟಲಿ ಕೂಲ್ ಡ್ರಿಂಕ್ಸ್ ಕುಡಿಯುತ್ತೇನೆ, ಅದರಿಂದ ತೊಂದರೆ ಇಲ್ಲ ಅಲ್ವಾ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ತೊಂದರೆ ಇದೆ. ನೀವು ಬಿಡಬೇಕಿದ್ದದ್ದು ಬೇಳೆಯನ್ನಲ್ಲ, ಆ ಬಾಟಲಿಯನ್ನು. ಬೇಳೆ ಸಾರು ಧಾರಾಳವಾಗಿ ಊಟ ಮಾಡಿ.

ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಈ ಫ್ರಕ್ಟೋಸ್ ಒಮ್ಮೆಲೇ ಬಂದು ಬಿದ್ದರೆ ಅದನ್ನು ಅರಗಿಸಲು ಲಿವರ್ ತನ್ನಲ್ಲಿರುವ ಎಟಿಪಿ ಎಂಬ ಶಕ್ತಿಯ ದಾಸ್ತಾನನ್ನು ಗಬಗಬನೆ ಖರ್ಚು ಮಾಡುತ್ತದೆ, ಹಾಗೆ ಖರ್ಚಾದದ್ದರಲ್ಲಿ ಒಂದಷ್ಟು ಒಡೆದು ಕೊನೆಗೆ ಯೂರಿಕ್ ಆಸಿಡ್ ಆಗುತ್ತದೆ. ಅಂದರೆ ಮಾಂಸ ತಿನ್ನದಿದ್ದರೂ ನಿಮ್ಮ ಮೈಯೇ ಅದನ್ನು ತಯಾರಿಸುತ್ತಿದೆ. 300 ಮಿಲಿಯ ಒಂದು ಕೋಲಾದಲ್ಲಿ 30 ಗ್ರಾಂಗೂ ಜಾಸ್ತಿ ಸಕ್ಕರೆ ಇರುತ್ತದೆ. ಎರಡು ಬಾಟಲಿಗೆ ನೀವೇ ಲೆಕ್ಕ ಹಾಕಿ. ಅಮೆರಿಕದಲ್ಲಿ 46 ಸಾವಿರ ಗಂಡಸರನ್ನು 12 ವರ್ಷ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಬಂತು. ತಿಂಗಳಿಗೆ ಒಂದೂ ಕುಡಿಯದವರಿಗೆ ಹೋಲಿಸಿದರೆ, ದಿನಕ್ಕೆ ಎರಡು ಅಥವಾ ಹೆಚ್ಚು ಸಿಹಿ ಪಾನೀಯ ಕುಡಿಯುವವರಲ್ಲಿ ಗೌಟ್, ಅಂದರೆ ಯೂರಿಕ್ ಆಸಿಡ್ ಕೀಲಿನಲ್ಲಿ ಹರಳುಗಟ್ಟಿ ಊತ, ನೋವು ತರುವ ಕಾಯಿಲೆ, ಬರುವ ಸಾಧ್ಯತೆ ಶೇಕಡಾ 85ರಷ್ಟು ಜಾಸ್ತಿ ಕಂಡಿತ್ತು. ನಿಮ್ಮ ಹೆಬ್ಬೆರಳಿನ ನೋವು ಅದೇ ಗೌಟ್‌ನಂತೆ ಕಾಣುತ್ತಿದೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಬೆಲ್ಲ ಒಳ್ಳೆಯದು ಅಂತ ಜೋನಿ ಬೆಲ್ಲದ ಪಾನಕ ಕುಡಿದರೆ ಲೆಕ್ಕ ಬದಲಾಗುವುದಿಲ್ಲ, ಅದರಲ್ಲೂ ಅದೇ ಸಕ್ಕರೆ. ಆಲೆಮನೆಗೆ ಹೋದಾಗ ಒಂದು ಲೋಟ ಕಬ್ಬಿನ ಹಾಲು ಕುಡಿಯಿರಿ, ನಾನೂ ಬೇಡ ಅನ್ನುವುದಿಲ್ಲ, ಆದರೆ ಚೊಂಬುಗಟ್ಟಲೆ ಬೇಡ. ತೋಟಕ್ಕೆ ಹೋಗುವಾಗ ಮಜ್ಜಿಗೆ, ನೀರು, ಇಲ್ಲವೇ ಸಕ್ಕರೆ ಹಾಕದೆ ಉಪ್ಪು ಜೀರಿಗೆ ಹಾಕಿದ ಮುರುಗಲು ನೀರು ಒಯ್ಯಿರಿ. ಬೆವರು ಸುರಿಸಿ ನೀರು ಕುಡಿಯದಿದ್ದರೂ ಯೂರಿಕ್ ಆಸಿಡ್ ಏರುತ್ತದೆ.

ಬಾಟಲಿ ಬಿಟ್ಟ ಮಾತ್ರಕ್ಕೆ 8.4 ಪೂರ್ತಿ ಇಳಿಯುತ್ತದೆ ಅಂತ ಸುಮ್ನೆ ಭರವಸೆ ಕೊಡಲಾರೆ. ಕಿಡ್ನಿ ಪರೀಕ್ಷೆ ಮಾಡಿಸಿ. ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಅದರ ಚೀಟಿಯನ್ನೂ ವೈದ್ಯರಿಗೆ ತೋರಿಸಿ, ಕೆಲವು ಬಿಪಿ ಮಾತ್ರೆಗಳೂ ಯೂರಿಕ್ ಆಸಿಡ್ ಏರಿಸುತ್ತವೆ, ಹಾಗಂತ ನೀವೇ ನಿಲ್ಲಿಸಬೇಡಿ. ಗೌಟ್ ಅಂತ ಖಚಿತವಾಗಿ ಔಷಧಿ ಶುರು ಮಾಡಿದರೆ, ಯೂರಿಕ್ ಆಸಿಡ್ 6ಕ್ಕಿಂತ ಕೆಳಗೆ ಬಂದು ಅಲ್ಲೇ ಉಳಿಯಬೇಕು.