ಗುಜರಿಗೆ ಹೋದ ನಾಲ್ಕು ಚೀಲ

"ನಮ್ಮ ಅತ್ತೆಯವರಿಗೆ ಸಾಮಾನು ಕೂಡಿಡೋ ಕಾಯಿಲೆ ಇದೆಯಾ, ನೋಡಿ ಹೇಳ್ತೀರಾ ಮೇಡಂ?" ಸೊಸೆ ಫೋನಿನಲ್ಲಿ ಕೇಳಿದ್ದು ಇಷ್ಟು. ಅತ್ತೆಗೆ ಗೊತ್ತಾಗದ ಹಾಗೆ ಏನಾದರೂ ಉಪಾಯ ಹೇಳಿ ಎಂದೂ ಸೇರಿಸಿದರು. ಗೊತ್ತಾಗದ ಹಾಗೆ ಏನೂ ಮಾಡುವುದು ಬೇಡ, ಮೂವರೂ ಬನ್ನಿ ಎಂದೆ. ಮಗ, ಸೊಸೆ, ಅತ್ತೆ ಬಂದರು. ಅವರ ಒಪ್ಪಿಗೆ ಪಡೆದು, ಗುರುತು ಹತ್ತದ ಹಾಗೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಎಂಟು ವರ್ಷದ ಮಗ ಇದ್ದಾನೆ. ಸೊಸೆ ತುಮಕೂರಿನ ಕಡೆಯವರು. ಅತ್ತೆಗೆ ಅರವತ್ತೇಳು, ಗದಗ ಕಡೆಯವರು. ಯಜಮಾನರು ತೀರಿಕೊಂಡ ಮೇಲೆ ಊರ ಮನೆ ಮಾರಿ, ಸಾಮಾನನ್ನು ಟೆಂಪೊದಲ್ಲಿ ಹಾಕಿಕೊಂಡು ಮಗನ ಹತ್ತಿರ ಬಂದರು. ಮೂರು ಟ್ರಂಕು, ಹಿತ್ತಾಳೆ ಹಂಡೆ, ತಾಮ್ರದ ಕೊಡ, ಶಾವಿಗೆ ಮಣೆ. ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಬಂದ ಸ್ಟೀಲ್ ಪಾತ್ರೆಗಳು, ಪ್ರತಿಯೊಂದರ ಮೇಲೂ ಕೊಟ್ಟವರ ಹೆಸರು, ತಾರೀಖು. ಇಳಕಲ್ಲ ಸೀರೆಗಳು. ಉಡಿ ತುಂಬಿದಾಗ ಬಂದ ಗುಳೇದಗುಡ್ಡದ ಖಣಗಳು. ಯಜಮಾನರ ಅಂಗಿ, ಧೋತರ, ಕನ್ನಡಕ. ಇವುಗಳ ಜೊತೆಗೆ ತೊಳೆದು ಮಡಿಸಿಟ್ಟ ಪ್ಲಾಸ್ಟಿಕ್ ಕವರು, ಖಾಲಿ ಬಾಟಲಿ, ಹಳೇ ಕ್ಯಾಲೆಂಡರು, ಪೇಪರು.

ಅತ್ತೆ ಒಮ್ಮೆ ಹುಬ್ಬಳ್ಳಿಗೆ ಮದುವೆಗೆ ಹೋದರು. ಆ ಸಮಯ ನೋಡಿಕೊಂಡು ಗಂಡ ಹೆಂಡತಿ ನಾಲ್ಕು ಚೀಲ ತುಂಬಿ ಗುಜರಿಯವನಿಗೆ ಕೊಟ್ಟರು. ಕೆಟ್ಟ ಮನಸ್ಸೇನೂ ಇರಲಿಲ್ಲ. ಮಗುವಿಗೆ ಧೂಳು ಆಗುವುದಿಲ್ಲ, ರಾತ್ರಿಯೆಲ್ಲ ಸೀನುತ್ತಾನೆ. ಆದರೆ ಆ ಚೀಲಗಳಲ್ಲಿ ಮಾವನವರು ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ಅಲ್ಯುಮಿನಿಯಂ ಡಬ್ಬಿಯೂ ಹೋಯಿತು. ಮುಚ್ಚಳ ಮುರಿದಿತ್ತು, ತಳ ಕಪ್ಪಾಗಿತ್ತು. ನೋಡಿದ ಯಾರಿಗಾದರೂ ಅದು ಗುಜರಿ ಅಂತಲೇ ಅನಿಸುತ್ತಿತ್ತು.

ಅಂದಿನಿಂದ ಅತ್ತೆ ಟ್ರಂಕಿಗೆ ಬೀಗ ಹಾಕಿದರು. ಎಲ್ಲರ ಜೊತೆ ಊಟಕ್ಕೆ ಕೂರುವುದು ಬಿಟ್ಟರು. ಮೊದಲು ಕಸಕ್ಕೆ ಹಾಕುತ್ತಿದ್ದ ಹಾಲಿನ ಪ್ಯಾಕೆಟ್ಟನ್ನೂ ತೊಳೆದು ಇಟ್ಟುಕೊಳ್ಳತೊಡಗಿದರು. ಮಂಚದ ಅರ್ಧ ಭಾಗ ಗಂಟುಗಳಿಂದ ತುಂಬಿತು. ಅಜ್ಜಿಯ ಪಕ್ಕ ಮಲಗುತ್ತಿದ್ದ ಮೊಮ್ಮಗ ಅಪ್ಪ ಅಮ್ಮನ ರೂಮಿಗೆ ಬಂದ. ಅಂದರೆ, ಜಾಗ ಮಾಡೋಣ ಅಂತ ಹೊರಟ ಮನೆಯಲ್ಲಿ ಇದ್ದ ಜಾಗವೂ ಕಡಿಮೆಯಾಯಿತು. ಕೇಳದೆ ಖಾಲಿ ಮಾಡಿದ ಮನೆಗಳಲ್ಲಿ ಇದು ಸಾಮಾನ್ಯವಾಗಿ ಆಗುವಂಥದ್ದೇ. ಕಳೆದುಕೊಂಡವರು ಉಳಿದದ್ದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

ಸೊಸೆಯ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕಿತ್ತು. ಕೂಡಿಡುವ ಕಾಯಿಲೆ ಅನ್ನುವುದು ನಿಜವಾಗಿಯೂ ಇದೆ. ಮೊದಲು ಅದನ್ನು ಗೀಳು ಕಾಯಿಲೆಯ, ಅಂದರೆ ಓಸಿಡಿಯ, ಒಂದು ಲಕ್ಷಣ ಎಂದೇ ನೋಡುತ್ತಿದ್ದರು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಅದಕ್ಕೆ ಬೇರೆಯೇ ಜಾಗ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲೂ ಇದೆ. ಆ ಪಟ್ಟಿ 2022ರಲ್ಲಿ ಜಾರಿಗೆ ಬಂತು. ಈ ಕಾಯಿಲೆ ಇದ್ದವರಿಗೆ ಬೆಲೆ ಇರಲಿ ಬಿಡಲಿ, ಯಾವುದನ್ನೂ ಬಿಟ್ಟುಕೊಡಲು ಆಗುವುದಿಲ್ಲ. ಬಿಡಬೇಕು ಅಂದರೆ ತುಂಬಾ ಸಂಕಟವಾಗುತ್ತದೆ. ಮಲಗುವ ಜಾಗದಲ್ಲಿ ಮಲಗಲು, ಅಡುಗೆ ಮಾಡುವ ಜಾಗದಲ್ಲಿ ಅಡುಗೆ ಮಾಡಲು ಆಗದಷ್ಟು ಮನೆ ತುಂಬಿಹೋಗುತ್ತದೆ.

ಕೋಣೆ ಎಷ್ಟು ತುಂಬಿದೆ ಅಂತ ನೋಡಲು ಒಂದು ಚಿತ್ರಮಾಲೆ ಇದೆ. ಹಾಲ್, ಅಡುಗೆಮನೆ, ಬೆಡ್‌ರೂಮು, ಒಂದೊಂದಕ್ಕೂ ಒಂಬತ್ತು ಚಿತ್ರ. ಮೊದಲ ಚಿತ್ರದಲ್ಲಿ ಕೋಣೆ ಓರಣ, ಒಂಬತ್ತನೆಯದರಲ್ಲಿ ನೆಲವೇ ಕಾಣುವುದಿಲ್ಲ. ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಜ್ಞರು ಗಮನ ಕೊಡಬೇಕು ಅನ್ನುವುದು ರೂಢಿ. ಈ ಮನೆಯ ಫೋಟೊ ತರಿಸಿ ನೋಡಿದೆ. ಅತ್ತೆಯ ರೂಮು ಮೂರರ ಹತ್ತಿರ ಇತ್ತು. ಉಳಿದ ಮನೆ ಎರಡು.

ಇನ್ನೊಂದು ವಿಷಯವನ್ನೂ ನೋಡಲೇಬೇಕಿತ್ತು. ವಯಸ್ಸಾದವರಲ್ಲಿ ಕೂಡಿಡುವುದು ಹೊಸದಾಗಿ ಶುರುವಾದರೆ ಅದು ಡಿಮೆನ್ಷಿಯಾದ, ಅಂದರೆ ಮರೆವಿನ ಕಾಯಿಲೆಯ, ಮುನ್ಸೂಚನೆಯೂ ಆಗಿರಬಹುದು. ಮಿದುಳಿನ ಮುಂಭಾಗ ಸವೆಯುವ ಬಗೆಯಲ್ಲಿ ಬೇಡದ್ದನ್ನು ಆರಿಸಿ ತರುವುದು ಕಾಣುತ್ತದೆ. ಈ ಅತ್ತೆಗೆ ಹಾಲಿನ ಲೆಕ್ಕ ತಪ್ಪುತ್ತಿರಲಿಲ್ಲ, ದಾರಿ ತಪ್ಪುತ್ತಿರಲಿಲ್ಲ. ಯಾವ ಪಾತ್ರೆ ಯಾರ ಮದುವೆಯದು ಅಂತ ಹೆಸರು ಓದದೆಯೇ ಹೇಳುತ್ತಿದ್ದರು. ಆದರೂ ಥೈರಾಯ್ಡ್, ಬಿ12 ಒಮ್ಮೆ ಪರೀಕ್ಷೆ ಮಾಡಿಸಿ ಎಂದೆ. ಮಾಡಿಸಿದರು, ಸರಿಯಾಗಿತ್ತು.

ಕಾಯಿಲೆ ಅಲ್ಲ ಅಂದಾಗ ಸೊಸೆಗೆ ಸಮಾಧಾನವೂ ಆಯಿತು, ಸ್ವಲ್ಪ ನಿರಾಸೆಯೂ ಆಯಿತು. ಅದು ನನಗೆ ಅರ್ಥವಾಗುತ್ತದೆ. ಹೆಸರು ಸಿಕ್ಕರೆ ದಾರಿಯೂ ಸಿಕ್ಕಿತು ಅನಿಸುತ್ತದೆ ಅಲ್ವಾ. ನಿಜವಾಗಿಯೂ ಕಾಯಿಲೆ ಇದ್ದ ಮನೆಯವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ದಾರಿ ಇದೆ, ಆದರೆ ಬೇಗ ಮುಗಿಯುವುದಿಲ್ಲ. ಯೋಚನೆಯ ರೀತಿಯನ್ನು ನಿಧಾನವಾಗಿ ಬದಲಿಸುವ ಸಿಬಿಟಿ ಚಿಕಿತ್ಸೆ ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಊರುಗಳಲ್ಲಿ ಇರುವವರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಅತ್ತೆಯ ಜೊತೆ ಒಬ್ಬರೇ ಇದ್ದಾಗ ಮಾತಾಡಿದೆ. ತಡೆದು ತಡೆದು ಹೇಳಿದರು. "ಎಪ್ಪತ್ತೆರಡರ ಬರ ನೋಡೀನ್ರಿ ನಾ. ಅವಾಗಿಂದ ಏನೂ ಒಗಿಯಾಕ ಕೈ ಬರಂಗಿಲ್ಲ." ಆಮೇಲೆ ಸುಮ್ಮನಾದರು. ಸ್ವಲ್ಪ ಹೊತ್ತಿನ ನಂತರ ಬಂದ ಮಾತೇ ಈ ಪ್ರಕರಣದ ಬೇರು. "ನಲವತ್ತು ವರ್ಷ ನನ್ನ ಮನಿ ಅಂತ ಬಾಳೇ ಮಾಡಿದಾಕಿ. ಇಲ್ಲಿ ನನ್ನ ಸೀರಿ ಹಾಕಾಕ ಒಂದು ಗೂಟ ಇಲ್ಲ. ಎಲ್ಲಾ ಅವರು ಹೇಳಿದಲ್ಲೇ ಇಡಬೇಕು."

ಮಗ ಸೊಸೆ ಅಮ್ಮನಿಗೆ ರೂಮು ಕೊಟ್ಟಿದ್ದರು, ಮಂಚ ಕೊಟ್ಟಿದ್ದರು. ಆದರೆ ಆ ರೂಮಿನ ಬೀರುವಿನಲ್ಲಿ ಇದ್ದದ್ದು ಸೊಸೆಯ ರೇಷ್ಮೆ ಸೀರೆ, ಮಗುವಿನ ಹಳೇ ಬಟ್ಟೆ, ಮಗನ ಫೈಲುಗಳು. ಅತ್ತೆಯ ಸಾಮಾನು ಮಂಚದ ಮೇಲೆ, ಕೆಳಗೆ, ಕಿಟಕಿಯಲ್ಲಿ, ಗೋಡೆ ಪಕ್ಕ. ಎಲ್ಲವೂ ಕಣ್ಣಿಗೆ ಬೀಳುವಂತೆ.

ಇಂಥ ಜಗಳಗಳಲ್ಲಿ ಒಂದು ಕೆಲಸ ಮಾಡಿಸುತ್ತೇನೆ. ದೊಡ್ಡ ಹಾಳೆಯ ಮೇಲೆ ಮನೆಯ ನಕ್ಷೆ ಬರೆಸುತ್ತೇನೆ. ಅಟ್ಟ, ಯುಟಿಲಿಟಿ, ಮಂಚದ ಕೆಳಗಿನ ಡಬ್ಬ, ಯಾವುದನ್ನೂ ಬಿಡುವ ಹಾಗಿಲ್ಲ. ಒಬ್ಬೊಬ್ಬರಿಗೂ ಒಂದು ಬಣ್ಣದ ಪೆನ್ಸಿಲ್. ಯಾರ ಸಾಮಾನು ಎಲ್ಲಿದೆಯೋ ಅಲ್ಲಿ ಅವರವರ ಬಣ್ಣ ಹಚ್ಚಬೇಕು. ಇವರ ಮನೆಯಲ್ಲಿ ಅಟ್ಟ ಪೂರ್ತಿ ಮಗನ ಬಣ್ಣವಾಯಿತು. ಟಿವಿ, ಮಿಕ್ಸಿ, ಫೋನು ಕೊಂಡಾಗಿನ ಖಾಲಿ ರಟ್ಟಿನ ಡಬ್ಬಗಳು, ಕೆಟ್ಟ ಲ್ಯಾಪ್‌ಟಾಪು, ಕಾಲೇಜಿನ ಪುಸ್ತಕ. ಯುಟಿಲಿಟಿಯಲ್ಲಿ ಬಟ್ಟೆ ಒಣಹಾಕಲು ಮಾತ್ರ ಬಳಕೆಯಾಗುತ್ತಿದ್ದ ಟ್ರೆಡ್‌ಮಿಲ್. ಮೂರು ಬೀರುವಿನಲ್ಲಿ ಎರಡೂವರೆ ಸೊಸೆಯ ಬಣ್ಣ. ಎಲ್ಲ ಕೂಡಿಸಿದರೆ ಅತ್ತೆಯ ಪಾಲು ಕಾಲು ಭಾಗವೂ ಇರಲಿಲ್ಲ. ಮಗ ನಕ್ಷೆಯನ್ನೇ ನೋಡುತ್ತಾ ಕೂತರು. ಮುಚ್ಚಿಟ್ಟ ಸಾಮಾನು ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೇ ಬೀರು ಸಿಗದವರೇ ಮನೆ ತುಂಬಿಸಿದವರ ಹಾಗೆ ಕಾಣುತ್ತಾರೆ.

ಮೊದಲು ಹೇಳಿದ್ದು ಕ್ಷಮೆಯ ಬಗ್ಗೆ. ಅದನ್ನು ಮಗ ಕೇಳಬೇಕು, ಸೊಸೆಯ ತಲೆಗೆ ಕಟ್ಟಬಾರದು ಎಂದೆ. ಇಂಥ ವಿಷಯದಲ್ಲಿ ಮಗ ನಡುವೆ ನಿಂತು ಜಾರಿಕೊಳ್ಳುವುದನ್ನು ತುಂಬಾ ನೋಡಿದ್ದೇನೆ. ಈ ಮಗ ಜಾರಿಕೊಳ್ಳಲಿಲ್ಲ. "ಅವ್ವಾ, ನಿನ್ನ ಕೇಳಲಾರದ ಕೊಟ್ಟಿದ್ದು ತಪ್ಪಾತು" ಅಂದರು. ಗುಜರಿ ಅಂಗಡಿಗೂ ಹೋಗಿ ಹುಡುಕಿದರು. ಡಬ್ಬಿ ಸಿಗಲಿಲ್ಲ. ಸಿಗಲಿಲ್ಲ ಅಂತ ಬಂದು ಹೇಳಿದ ದಿನ ಅತ್ತೆ ಅತ್ತರಂತೆ. ಮರುದಿನದಿಂದ ಊಟಕ್ಕೆ ಹೊರಗೆ ಬಂದರು.

ಆಮೇಲೆ ಜಾಗ ಹಂಚಿಕೊಳ್ಳಲು ಹೇಳಿದೆ. ಎಷ್ಟು ಸೀರೆ ಇರಬೇಕು, ಎಷ್ಟು ಪಾತ್ರೆ ಇರಬೇಕು ಅನ್ನುವ ಚರ್ಚೆ ಶುರು ಮಾಡಬೇಡಿ. ಅದಕ್ಕೆ ಕೊನೆಯೇ ಇಲ್ಲ. ಯಾರಿಗೆ ಎಷ್ಟು ಜಾಗ ಅನ್ನುವುದನ್ನು ಮಾತ್ರ ತೀರ್ಮಾನಿಸಿ. ಆ ಜಾಗದ ಒಳಗೆ ಏನಿರಬೇಕು ಅನ್ನುವುದು ಅವರವರ ಇಷ್ಟ. ಅತ್ತೆಗೆ ಅವರ ರೂಮಿನ ಬೀರು ಪೂರ್ತಿ, ಬೀಗದ ಕೈ ಅವರ ಹತ್ತಿರ. ಮಂಚದ ಕೆಳಗೆ ಎರಡು ಟ್ರಂಕು. ಅಡುಗೆಮನೆಯಲ್ಲಿ ಎರಡು ಹಲಗೆ. ಮಗನಿಗೆ ಅಟ್ಟದ ಅರ್ಧ. ಅತ್ತೆಯ ಬೀರುವಿನಲ್ಲಿ ಪ್ಲಾಸ್ಟಿಕ್ ಕವರೇ ತುಂಬಿದ್ದರೂ ಯಾರೂ ಮಾತಾಡುವ ಹಾಗಿಲ್ಲ. ಈ ಮಾತು ಸೊಸೆಗೆ ಕಷ್ಟವಾಯಿತು, ಆದರೂ ಒಪ್ಪಿದರು.

ಕೆಲವು ಜಾಗ ಯಾರ ಪಾಲಿಗೂ ಇಲ್ಲ ಎಂದೂ ಗಟ್ಟಿಯಾಗಿ ಹೇಳಿದೆ. ಮಂಚದ ಮೇಲೆ, ಊಟದ ಮೇಜಿನ ಮೇಲೆ, ಗ್ಯಾಸ್ ಒಲೆಯ ಅಕ್ಕಪಕ್ಕ, ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಏನೂ ಇಡಬಾರದು. ವಯಸ್ಸಾದವರು ಕತ್ತಲಲ್ಲಿ ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಮೊದಲಿನ ಹಾಗೆ ಓಡಾಡುವುದು ಕಷ್ಟ. ಮನೆ ಬಾಗಿಲ ಮುಂದಿನ ಪ್ಯಾಸೇಜು, ಮೆಟ್ಟಿಲು ಕೂಡ ಖಾಲಿ ಇರಬೇಕು. ಬೆಂಕಿ ಬಿದ್ದರೆ ಓಡುವ ದಾರಿ ಅದೇ. ಮಗನ ಚಪ್ಪಲಿ ಸ್ಟ್ಯಾಂಡು ಅಲ್ಲೇ ಇತ್ತು, ಒಳಗೆ ಬಂತು.

ವಿಂಗಡಿಸುವಾಗ ನೆನಪು ಅಂಟಿಕೊಳ್ಳದ ಸಾಮಾನಿನಿಂದ ಶುರು ಮಾಡಿ ಎಂದೆ. ಕವರು, ಬಾಟಲಿ, ಪೇಪರು, ಅವಧಿ ಮುಗಿದ ಮಾತ್ರೆ. ಮಾತ್ರೆಗಳನ್ನು ಹಸಿ ಕಸ ಒಣ ಕಸದ ಜೊತೆ ಸೇರಿಸದೆ ಬೇರೆಯಾಗಿ ಕಟ್ಟಿ ಕೊಡಬೇಕು. ಕೆಟ್ಟ ಫೋನು, ಚಾರ್ಜರು, ಲ್ಯಾಪ್‌ಟಾಪು ಇ-ತ್ಯಾಜ್ಯಕ್ಕೆ. ಫೋಟೊ, ಪತ್ರ, ತೀರಿಕೊಂಡವರ ಬಟ್ಟೆ ಕೊನೆಗೆ. ಅದರಿಂದಲೇ ಶುರು ಮಾಡಿದರೆ ಮೊದಲ ದಿನವೇ ಎಲ್ಲ ನಿಂತುಹೋಗುತ್ತದೆ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಸಾಕು, ಅತ್ತೆ ದಣಿದರೆ ಅಲ್ಲಿಗೇ ಬಿಡಿ. ಇಡುವುದೋ ಬಿಡುವುದೋ ಅನ್ನುವ ಮಾತು ಅವರ ಬಾಯಿಂದಲೇ ಬರಲಿ, ಕೈಯಿಂದ ಕಿತ್ತುಕೊಳ್ಳಬೇಡಿ. ಮೊದಲು ಮಗ ತನ್ನ ರಟ್ಟಿನ ಡಬ್ಬಗಳನ್ನು ಇಳಿಸಲಿ, ಅಮ್ಮ ನೋಡಲಿ ಎಂದೆ.

ಸೊಸೆ ಎರಡು ನಿಯಮ ಓದಿಕೊಂಡು ಬಂದಿದ್ದರು. ಒಂದು ವರ್ಷ ಮುಟ್ಟದ ವಸ್ತುವನ್ನು ಕೊಟ್ಟುಬಿಡಬೇಕು, ಖುಷಿ ಕೊಡದ ವಸ್ತು ಮನೆಯಲ್ಲಿರಬಾರದು. ಎರಡೂ ನಮ್ಮ ಮನೆಗಳಿಗೆ ಒಗ್ಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಚಕ್ಕುಲಿ ಒರಳು, ಶಾವಿಗೆ ಮಣೆ, ಹಬ್ಬದ ದೊಡ್ಡ ಪಾತ್ರೆ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಹೊರಗೆ ಬರುತ್ತವೆ. ಗಂಡನ ಅಂಗಿ ಹಿಡಿದು ಕೂತ ಹೆಂಗಸನ್ನು ಇದು ಖುಷಿ ಕೊಡುತ್ತಾ ಅಂತ ಕೇಳುವುದು ಕ್ರೂರ. ಅದು ಕೊಡುವುದು ದುಃಖ. ಆದರೂ ಅವರಿಗೆ ಅದು ಬೇಕು.

ಅದರ ಬದಲು ಬೇರೆ ಪ್ರಶ್ನೆ ಕೇಳಿ ಎಂದೆ. ಇದು ಯಾರ ಮನೆಗೆ ಹೋದರೆ ನಿಮಗೆ ಸಮಾಧಾನ? ಈ ಪ್ರಶ್ನೆಗೆ ಅತ್ತೆ ಅರಳಿದರು. ಅವರ ಸಂಕಟ ಕೊಡುವುದರಲ್ಲಿ ಇರಲಿಲ್ಲ, ತಿಪ್ಪೆಗೆ ಹೋಗುತ್ತದಲ್ಲ ಅನ್ನುವುದರಲ್ಲಿ ಇತ್ತು. ಹಂಡೆ ಮೈದುನನ ಮನೆಗೆ ಹೋಯಿತು, ಅಲ್ಲಿ ಇನ್ನೂ ಬಚ್ಚಲ ಒಲೆ ಇದೆ. ಪಾತ್ರೆಗಳನ್ನು ಒಂದೊಂದಾಗಿ ತಂಗಿಯ ಮಕ್ಕಳಿಗೆ, ಹೆಸರಿದ್ದ ಮನೆಯವರ ಮಕ್ಕಳಿಗೇ ಕೊಟ್ಟರು. ಖಣಗಳು ಶ್ರಾವಣದಲ್ಲಿ ಮನೆಗೆ ಬಂದ ಮುತ್ತೈದೆಯರ ಉಡಿಗೆ. ಸವೆದ ಇಳಕಲ್ಲ ಸೀರೆಗಳನ್ನು ಊರಿಗೆ ಕಳಿಸಿ ಕೌದಿ ಹೊಲಿಸಿದರು. ಹತ್ತಿಯ ಹಳೇ ಸೀರೆಗೆ ಅದಕ್ಕಿಂತ ಒಳ್ಳೆಯ ಉಪಯೋಗ ನನಗೆ ಗೊತ್ತಿಲ್ಲ. ಮೊಮ್ಮಗ ಈಗ ಅದನ್ನೇ ಹೊದ್ದು ಅಜ್ಜಿಯ ಪಕ್ಕ ಮಲಗುತ್ತಾನಂತೆ.

ಹೊಸದಾಗಿ ಒಳಗೆ ಬರುವುದರ ಬಗ್ಗೆ ಹೇಳಿದ್ದು ಹೆಚ್ಚಾಗಿ ಮಗ ಸೊಸೆಗೆ. ಅತ್ತೆ ಏನನ್ನೂ ಕೊಳ್ಳುವವರಲ್ಲ. ವಾರಕ್ಕೆ ಎಷ್ಟು ಪಾರ್ಸೆಲ್ ಬರುತ್ತವೆ ಅಂತ ಕೇಳಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆರ್ಡರ್ ಮಾಡುವ ಮೊದಲು ಅದನ್ನು ಇಡುವ ಜಾಗದ ಹೆಸರು ಹೇಳಬೇಕು, ರಟ್ಟಿನ ಡಬ್ಬ ಬಂದ ದಿನವೇ ಹೊರಗೆ ಹೋಗಬೇಕು ಅಂತ ಒಪ್ಪಿಕೊಂಡರು. ವಾರಂಟಿಗೆ ಬಿಲ್ ಸಾಕು, ಡಬ್ಬ ಬೇಕಾಗುವುದು ಅಪರೂಪ.

ಕೆಲವು ತಿಂಗಳ ಮೇಲೆ ಮತ್ತೆ ಬಂದಿದ್ದರು. ಟ್ರೆಡ್‌ಮಿಲ್ ಮಾರಿದ್ದಾರೆ. ಅಟ್ಟ ಅರ್ಧ ಖಾಲಿಯಾಗಿದೆ. ಮಂಚದ ಮೇಲೆ ಗಂಟುಗಳಿಲ್ಲ. ಅತ್ತೆ ಕವರು ಕೂಡಿಡುವುದು ಬಿಟ್ಟಿಲ್ಲ, ಆದರೆ ಒಂದು ಡಬ್ಬ ತುಂಬಿದ ಮೇಲೆ ತರಕಾರಿ ಅಂಗಡಿಯವರಿಗೆ ಕೊಟ್ಟು ಬರುತ್ತಾರೆ. ಮಾವನವರ ಅಂಗಿಗಳು ಬೀರುವಿನ ಮೇಲಿನ ಹಲಗೆಯಲ್ಲಿ ಹಾಗೇ ಇವೆ. "ಅವು ಯಾವಾಗ?" ಅಂತ ಸೊಸೆ ಮೆಲ್ಲಗೆ ಕೇಳಿದರು. ಕೇಳುವುದೇ ಬೇಡ, ಆ ಹಲಗೆ ಅತ್ತೆಯದು ಎಂದೆ.

ಈ ಸಲದ ಹೊಸ ವಿಷಯ ಹೊಲಿಗೆ ಮಿಷನ್. ತಂಗಿಯ ಮನೆಯಲ್ಲಿರುವ ತಮ್ಮ ಹಳೇ ಕಾಲು ಮಿಷನ್ ತರಿಸಿಕೊಳ್ಳಬೇಕು ಅಂತ ಅತ್ತೆಗೆ ಆಸೆ. ಇದಕ್ಕಾಗಿ ಒಂದು ಟ್ರಂಕು ಬಿಡಲು ಅವರೇ ತಯಾರಿದ್ದಾರೆ. ಆದರೆ ಮಿಷನ್ ಮಂಚದ ಕೆಳಗೆ ಹೋಗುವುದಿಲ್ಲ, ಕಿಟಕಿ ಪಕ್ಕ ಇಟ್ಟರೆ ಬೀರುವಿನ ಬಾಗಿಲು ತಾಗಬಹುದು. ತರಿಸುವ ಮೊದಲು ಟೇಪು ಹಿಡಿದು ಅಳೆಯಿರಿ, ರೂಮಿನಲ್ಲಿ ಹಿಡಿಸದಿದ್ದರೆ ಹಾಲ್‌ನಲ್ಲಿ ಯಾರ ಪಾಲಿನಿಂದ ಜಾಗ ತೆಗೆಯುತ್ತೀರಿ ಅಂತ ಮೂವರೂ ಕೂತು ಮಾತಾಡಿ ಎಂದು ಹೇಳಿ ಕಳಿಸಿದ್ದೇನೆ.